ಹಾಡು ಬಂದಾಗ ಎದ್ದು ಹೋಗದ ಪ್ರೇಕ್ಷಕ

ಚಲನಚಿತ್ರಗಳಲ್ಲಿ ಹಾಡುಗಳಿರಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಬಹಳ ಹಳೆಯದು. ಕಥೆ ಬಿಗಿಯಾಗಿ ಸಾಗುತ್ತಿರುವಾಗ ನಾಯಕ ನಾಯಕಿಯರು ಇದ್ದಕ್ಕಿದ್ದಂತೆ ಹೂದೋಟಕ್ಕೆ ಓಡಿ ಹಾಡತೊಡಗುವುದು ಅಸಹಜವೆಂದು ವಿದ್ಯಾವಂತರು ಮೂಗು ಮುರಿಯುವುದುಂಟು. ನಿಜ ಜೀವನದಲ್ಲಿ ಯಾರು ಹೀಗೆ ಹಾಡುತ್ತಾರೆ ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರವನ್ನು ಪಟ್ಟಣದ ವಿಚಾರ ಸಂಕಿರಣಗಳಲ್ಲಿ ಹುಡುಕುವ ಬದಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಬಂದು ಹುಡುಕುವುದು ಲೇಸೆಂದು ನಮಗೆ ತೋರುತ್ತದೆ. ಈ ಸೀಮೆಯಲ್ಲಿ ಹಾಡಿಲ್ಲದೆ ನಡೆದ ಕೆಲಸಗಳು ಕಡಿಮೆ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತವರನ್ನು ನೆನೆದು ಹಾಡಿದಳು. ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತಿದ್ದ ರೈತ ನಿದ್ದೆ ಹತ್ತದಂತೆ ಹಂತಿಯ ಪದ ಹಾಡಿದ. ಮೊಹರಮ್ಮಿಗೆ ರಿವಾಯತ್ತು, ಜಾತ್ರೆಗೆ ಗೀಗೀ ಪದ, ತೊಟ್ಟಿಲಿಗೆ ಜೋಗುಳ, ಸತ್ತವರ ಮನೆಗೆ ರಾತ್ರಿಯೆಲ್ಲ ಭಜನೆ. ಹೀಗೆ ಹಾಡುತ್ತಲೇ ಬದುಕಿದ ಜನರಿಗೆ ಪರದೆಯ ಮೇಲೆ ಒಬ್ಬಾಕೆ ದುಃಖ ಬಂದಾಗ ಹಾಡಿದರೆ ಅದು ಅಸಹಜವಾಗಿ ಕಂಡೀತೇ?

ಸಾಲೋಟಗಿಯ ವಿಷಯವನ್ನೇ ತೆಗೆದುಕೊಳ್ಳೋಣ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ಈ ಊರಿನಲ್ಲಿ ದೊಡ್ಡ ವಿದ್ಯಾಶಾಲೆಯಿದ್ದುದನ್ನು ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿದುಕೊಳ್ಳಲು 27 ಮನೆಗಳಿದ್ದವು. ಅಚ್ಚಿನ ಪುಸ್ತಕವಿಲ್ಲದ ಆ ದಿನಗಳಲ್ಲಿ ವಿದ್ಯೆ ನಿಂತದ್ದು ಕಂಠದ ಮೇಲೆ. ಸ್ವರಕ್ಕೆ ಹೊಂದಿಸಿಕೊಂಡದ್ದು ನೆನಪಿನಲ್ಲಿ ಉಳಿಯುತ್ತದೆಂಬುದನ್ನು ಆ ಗುರುಗಳು ಬಲ್ಲವರಾಗಿದ್ದರು. ಅದನ್ನೇ, ಯಾವ ಶಾಲೆಯ ಮೆಟ್ಟಿಲನ್ನೂ ಹತ್ತದ ಈ ಸೀಮೆಯ ತಾಯಂದಿರೂ ಬಲ್ಲವರಾಗಿದ್ದರು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತವರ ಗೆಳೆಯರು ಆ ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂದಾಗ ಕನ್ನಡ ನಾಡು ಬೆರಗಾಯಿತು. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ತೆರೆಕಂಡದ್ದೂ ಅದೇ 1931ರಲ್ಲಿ ಎಂಬುದು ಕೇವಲ ಕಾಕತಾಳೀಯವಿರಬಹುದು. ಆದರೂ ಆ ಚಿತ್ರದಲ್ಲಿ ಏಳು ಹಾಡುಗಳಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಚಿತ್ರರಂಗಕ್ಕೆ ಮಾತು ಬಂದ ದಿನವೇ ಹಾಡೂ ಬಂತು. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ನಮಗೆ ದೂರವಲ್ಲದ ಕೊಲ್ಹಾಪುರದಲ್ಲಿ. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಾಟಕದ ಕಂಪನಿಗಳಿಂದ ಬಂದವರು. ಕಂಪನಿ ನಾಟಕವೆಂದರೆ ಹಾಡು ಎನ್ನುತ್ತಿದ್ದ ಕಾಲವದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಚಿತ್ರದಲ್ಲಿರುವ ಹಾಡೆಲ್ಲ ಚಿತ್ರಕ್ಕೆ ಶೋಭೆಯೆಂದು ನಮ್ಮ ವಾದವಲ್ಲ. ಹಳ್ಳಿಯ ಜಾತ್ರೆಗಳಿಗೆ ಬರುತ್ತಿದ್ದ ತಂಬುವಿನ ಟಾಕೀಸುಗಳಲ್ಲಿ ನೆಲದ ಮೇಲೆ ಕುಳಿತು ಸಿನಿಮಾ ನೋಡಿದವರಿಗೆ ಒಂದು ಪರೀಕ್ಷೆ ಗೊತ್ತಿರುತ್ತದೆ. ಕೆಲವು ಹಾಡುಗಳು ಆರಂಭವಾದೊಡನೆ ಗಂಡಸರು ಒಬ್ಬೊಬ್ಬರಾಗಿ ಎದ್ದು ಬೀಡಿ ಹಚ್ಚಲು, ಚಹಾ ಕುಡಿಯಲು ಹೊರಗೆ ನಡೆಯುತ್ತಿದ್ದರು. ಹಾಡು ಮುಗಿದ ಸದ್ದು ಕೇಳಿ ಒಳಗೆ ಬಂದರೆ ಅವರಿಗೆ ಏನೂ ನಷ್ಟವಾಗಿರುತ್ತಿರಲಿಲ್ಲ. ಕಥೆ ಬಿಟ್ಟಲ್ಲಿಯೇ ನಿಂತಿರುತ್ತಿತ್ತು. ಇನ್ನು ಕೆಲವು ಹಾಡುಗಳಿಗೆ ಯಾರೂ ಕದಲುತ್ತಿರಲಿಲ್ಲ. ಅಳುವ ಕೂಸನ್ನು ಹೊರಗೆ ಕರೆದೊಯ್ಯಲು ತಾಯಿಯೂ ಏಳುತ್ತಿರಲಿಲ್ಲ. ಆ ಐದು ನಿಮಿಷ ಹೊರಗಿದ್ದರೆ ಚಿತ್ರದ ಜೀವವೇ ಕೈತಪ್ಪಿ ಹೋಗುತ್ತದೆಂದು ಅವರಿಗೆ ಹೇಗೋ ತಿಳಿಯುತ್ತಿತ್ತು. ಪಂಡಿತರ ವಿಮರ್ಶೆಗಿಂತ ಈ ಪರೀಕ್ಷೆಯನ್ನೇ ನಾವು ಹೆಚ್ಚು ನಂಬುತ್ತೇವೆ. ತೆಗೆದುಹಾಕಿದರೆ ಚಿತ್ರ ಬಡವಾಗುವುದಾದರೆ ಆ ಹಾಡು ಚಿತ್ರದ್ದು. ಇಲ್ಲವಾದರೆ ಅದು ಅಂಟಿಸಿದ ಕಾಗದ.

ಎದ್ದು ಹೋಗದ ಪ್ರೇಕ್ಷಕರ ಕಥೆಯನ್ನು ಹೇಳುವಾಗ ನಮ್ಮ ಜಿಲ್ಲೆಯ ಮಗಳೊಬ್ಬಳನ್ನು ಮರೆಯಲಾಗದು. ಅಂದು ಬಿಜಾಪುರ ಜಿಲ್ಲೆಯಲ್ಲಿದ್ದ, 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿದರು, ಅಭಿನಯಿಸಿದರು. ತಮ್ಮ ಹೆಸರಿನೊಡನೆಯೇ ನಾಡಿನ ಹೆಸರನ್ನೂ ಕೊಂಡೊಯ್ದರು. ಬಾಂಬೆ ಟಾಕೀಸಿನವರ ‘ಕಿಸ್ಮತ್’ 1943ರಲ್ಲಿ ಬಂತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1942ರ ಆಗಸ್ಟ್‌ನಲ್ಲಿ, ‘ಭಾರತ ಬಿಟ್ಟು ತೊಲಗಿ’ ಚಳವಳಿ ಸಿಡಿದಿತ್ತು, ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಆ ಚಿತ್ರದಲ್ಲಿ ರಂಗದ ಮೇಲೆ ನಡೆಯುವ ಒಂದು ಪ್ರದರ್ಶನಕ್ಕಾಗಿ ಕವಿ ಪ್ರದೀಪರು ಬರೆದ, ಅನಿಲ್ ಬಿಸ್ವಾಸರು ಸ್ವರ ಹಾಕಿದ ಹಾಡನ್ನು ಅಮೀರಬಾಯಿಯವರು ಖಾನ್ ಮಸ್ತಾನಾ ಅವರೊಡನೆ ಹಾಡಿದರು. ಪದಗಳಲ್ಲಿ ದೂಷಿಸಿದ್ದು ಬ್ರಿಟಿಷರ ಆಗಿನ ವೈರಿಗಳಾದ ಜರ್ಮನಿ, ಜಪಾನುಗಳನ್ನು. ಆದ್ದರಿಂದ ಸೆನ್ಸಾರಿನವರು ಒಪ್ಪಿಗೆಯ ಮುದ್ರೆ ಒತ್ತಿದರು. ಚಿತ್ರಮಂದಿರದಲ್ಲಿ ಕುಳಿತವನಿಗೆ ಮಾತ್ರ ಅದು ಯಾರಿಗೆ ಹೇಳಿದ ಮಾತೆಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ. ಜನ ಕೂಗಿ ಕೇಳಿ ಆ ಹಾಡಿನ ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ನೋಡಿದರು. ಸರಕಾರ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕವಿ ಪ್ರದೀಪರು ಬಂಧನದ ಭಯದಿಂದ ತಲೆಮರೆಸಿಕೊಳ್ಳಬೇಕಾಯಿತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಮೇಲ್ಪಟ್ಟು ಓಡಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ‘ಕಿಸ್ಮತ್’ ಸ್ವಾತಂತ್ರ್ಯ ಹೋರಾಟದ ಕಥೆಯೇ ಅಲ್ಲ. ಅದು ಜೇಬುಗಳ್ಳನೊಬ್ಬನ ಕಥೆ. ಅಶೋಕ್ ಕುಮಾರ್ ಕಳ್ಳನಾಗಿ, ಮುಮ್ತಾಜ್ ಶಾಂತಿ ಕಾಲು ಊನವಾದ ನರ್ತಕಿಯಾಗಿ ಅಭಿನಯಿಸಿದ ಒಂದು ಸಂಸಾರದ ಚಿತ್ರ. ಮಾತಿನಲ್ಲಿ ಹೇಳಿದ್ದರೆ ಕತ್ತರಿಗೆ ಸಿಕ್ಕಿಬಿಡುತ್ತಿದ್ದ ಒಂದು ದೇಶದ ಆಸೆಯನ್ನು ಹಾಡೊಂದು ಆ ಕಥೆಯೊಳಗೆ ತಂದಿಟ್ಟಿತು. ಅದೇ ಚಿತ್ರದಲ್ಲಿ, ಹಬ್ಬದ ಬೆಳಕಿನ ನಡುವೆ ಒಂಟಿಯಾದ ಹೆಣ್ಣಿನ ನೋವನ್ನೂ ಅಮೀರಬಾಯಿಯವರೇ ಹಾಡಿದ್ದಾರೆ. ಮೊದಲನೆಯದನ್ನು ಕೇಳಿ ಬೊಬ್ಬಿಟ್ಟ ಜನರೇ ಎರಡನೆಯದಕ್ಕೆ ಮೌನವಾಗಿ ಕಣ್ಣೊರೆಸಿಕೊಂಡಿರಬೇಕು. 1940ರ ದಶಕದ ಕೊನೆಗೆ ಲತಾ ಮಂಗೇಶ್ಕರರ ಕಂಠ ಚಿತ್ರರಂಗವನ್ನು ತುಂಬಿಕೊಂಡ ಮೇಲೆ ಅಮೀರಬಾಯಿಯವರಿಗೆ ಹಾಡುವ ಅವಕಾಶ ಕುಗ್ಗಿತು. ಪೋಷಕ ಪಾತ್ರಗಳಲ್ಲಿ ಅಭಿನಯಿಸುತ್ತ ಉಳಿದು 1965ರಲ್ಲಿ ತೀರಿಕೊಂಡರು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಅವರ ಹೆಸರನ್ನು ಹೊತ್ತಿತು. ರಹಮತ್ ತರೀಕೆರೆಯವರು ಅವರ ಬಾಳಿನ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಆದರೂ ಇಂಡಿ ಇಲ್ಲವೆ ಮುದ್ದೇಬಿಹಾಳದ ಯಾವುದಾದರೂ ಪ್ರೌಢಶಾಲೆಗೆ ಹೋಗಿ ಈ ಹೆಸರನ್ನು ಕೇಳಿ ನೋಡಿ. ಎಷ್ಟು ಕೈಗಳು ಮೇಲೇಳುತ್ತವೆಂದು ಊಹಿಸಲು ನಮಗೆ ಧೈರ್ಯವಾಗುತ್ತಿಲ್ಲ.

ಹಾಡು ಚಿತ್ರವನ್ನು ಶ್ರೀಮಂತಗೊಳಿಸುವ ಬಗೆಗಳು ಹಲವು. ‘ನಾಗರಹಾವು’ (1972) ಚಿತ್ರದಲ್ಲಿ ಓಬವ್ವನ ಪ್ರಸಂಗವಿಡೀ ಒಂದು ಹಾಡಿನಲ್ಲಿ ನಡೆದುಹೋಗುತ್ತದೆ. ಜಯಂತಿಯವರು ಒನಕೆ ಹಿಡಿದು ಕಿಂಡಿಯ ಬಳಿ ನಿಂತ ದೃಶ್ಯ ಮತ್ತು ಪಿ.ಬಿ. ಶ್ರೀನಿವಾಸರ ಕಂಠ ಇವೆರಡನ್ನೂ ಬೇರ್ಪಡಿಸಿ ನೆನೆಯುವುದು ಆ ಚಿತ್ರ ನೋಡಿದ ಯಾರಿಂದಲೂ ಆಗದು. ಶಾಲೆಯ ಪಾಠದಲ್ಲಿ ಓದಿದ ಓಬವ್ವನನ್ನು ಮರೆತವರೂ ಪುಟ್ಟಣ್ಣ ಕಣಗಾಲರು ತೋರಿಸಿದ ಓಬವ್ವನನ್ನು ಮರೆತಿಲ್ಲ. ‘ಭಕ್ತ ಕನಕದಾಸ’ (1960) ಚಿತ್ರದಲ್ಲಿ ಅದೇ ಕಂಠ ರಾಜಕುಮಾರರಿಗೆ ಸೇರಿಕೊಂಡು, ಉಡುಪಿಯ ಗುಡಿಯ ಹೊರಗೆ ನಿಂತವನ ಮೊರೆಯನ್ನು ನಾಡಿನ ಮನೆಮನೆಗೂ ತಲುಪಿಸಿತು. ಕನಕದಾಸರ ಕೀರ್ತನೆ ಅದಕ್ಕೆ ಮುಂಚೆಯೂ ಇತ್ತು, ಹಾಡುವವರೂ ಇದ್ದರು. ಹೊರಗೆ ನಿಲ್ಲಿಸಲ್ಪಟ್ಟವನ ಮುಖವನ್ನು ಕಂಡ ಮೇಲೆ ಆ ಕೀರ್ತನೆಯ ಭಾರ ಬೇರೆಯಾಯಿತು. ಬಸವನ ಬಾಗೇವಾಡಿಯ ಜನರಿಗೆ ‘ಜಗಜ್ಯೋತಿ ಬಸವೇಶ್ವರ’ (1959) ಹೀಗೆಯೇ ಹತ್ತಿರವಾದದ್ದು. ಸ್ವತಃ ಗಾಯಕರಾಗಿದ್ದ ಹೊನ್ನಪ್ಪ ಭಾಗವತರು ಬಸವಣ್ಣನಾದ ಆ ಚಿತ್ರದಲ್ಲಿ ಬಿಜ್ಜಳನಾಗಿ ಅಭಿನಯಿಸಿದವರು ರಾಜಕುಮಾರರು ಎಂಬುದು ಇಂದಿನ ತರುಣರಿಗೆ ಸೋಜಿಗವೆನಿಸಬಹುದು.

ಇವೆಲ್ಲಕ್ಕಿಂತ ಆಳವಾದ ಉದಾಹರಣೆಯೆಂದು ನಮಗೆ ತೋರುವುದು 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’. ಕಣ್ಣಿಲ್ಲದ ಬಾಲಕನನ್ನು ಹಾನಗಲ್ಲಿನ ಕುಮಾರ ಸ್ವಾಮಿಗಳು ಕರೆತಂದು ಸಂಗೀತ ಕಲಿಸಿದ್ದು, ಆತ ಬೆಳೆದು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತನ್ನಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಸ್ವರವನ್ನೇ ಊರುಗೋಲಾಗಿ ಕೊಟ್ಟದ್ದು ಉತ್ತರ ಕರ್ನಾಟಕದ ಮನೆಮಾತು. ಸಿನಿಮಾ ಎಂಬುದು ಕಣ್ಣಿನ ಕಲೆ. ಕಾಣದವನ ಒಳಗನ್ನು ಕಾಣುವವರಿಗೆ ತೋರಿಸುವುದು ಹೇಗೆ? ಅವನ ಮುಖವನ್ನು, ನಡೆಯನ್ನು, ತಡವರಿಸುವ ಕೈಯನ್ನು ಕ್ಯಾಮೆರಾ ತೋರಿಸೀತು. ಅವನಿಗೆ ಲೋಕ ಹೇಗಿತ್ತು ಎಂಬುದನ್ನು ತೋರಿಸಲಾರದು. ಅಲ್ಲಿ ಹಾಡು ಬರಲೇಬೇಕು. ಮೋಡ ಕವಿಯುವುದನ್ನು ಕಣ್ಣಿನಿಂದಲ್ಲ, ರಾಗದಿಂದ ಅರಿಯುವವನ ಲೋಕದೊಳಗೆ ನಾವು ಕಾಲಿಡುವುದು ಹಾಡಿನ ಬಾಗಿಲಿನಿಂದಲೇ. ಆ ಚಿತ್ರದ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರ ಪ್ರಶಸ್ತಿ ದೊರೆಯಿತು. ಶಾಸ್ತ್ರೀಯ ಸಂಗೀತವನ್ನು ಗುರುಮುಖದಿಂದ ಕ್ರಮವಾಗಿ ಕಲಿಯದ, ತೆಲುಗು ಮನೆಮಾತಿನ ಗಾಯಕರೊಬ್ಬರು ಹಿಂದೂಸ್ತಾನಿ ಗವಾಯಿಯ ಕಂಠವಾಗಲು ಎಷ್ಟು ಶ್ರಮಪಟ್ಟಿರಬೇಕೆಂಬುದು ಆ ಹಾಡನ್ನು ಕೇಳಿದವರಿಗೆ ತಿಳಿಯುತ್ತದೆ.

ಇನ್ನು ನಮ್ಮ ಮಾತಿನ ಪ್ರಶ್ನೆ. ಕನ್ನಡ ಚಿತ್ರರಂಗದಲ್ಲಿ ಬಹುಕಾಲ ವಿಜಯಪುರ, ಧಾರವಾಡ, ಕಲಬುರ್ಗಿಗಳ ಮಾತು ಬಂತೆಂದರೆ ಜನ ನಗಬೇಕೆಂದೇ ಅರ್ಥವಾಗಿತ್ತು. ಮನೆಯ ಆಳು, ಪೆದ್ದ ಪೈಲ್ವಾನ, ಜಿಪುಣ ಸಾಹುಕಾರ ಇಂಥವರ ಬಾಯಿಗೆ ನಮ್ಮ ಮಾತನ್ನು ಇಡಲಾಗುತ್ತಿತ್ತು. ಈ ನೋವು ನಮ್ಮ ಸಮುದಾಯದ ಓದುಗರಿಗೆ ಬೇರೆಯೊಂದು ಕಡೆಯಿಂದಲೂ ಪರಿಚಿತವೇ. ಪರದೆಯ ಮೇಲೆ ಕ್ರೈಸ್ತ ಹುಡುಗಿಯೆಂದರೆ ಮೊಣಕಾಲ ಮೇಲಿನ ಲಂಗ, ಕ್ಲಬ್ಬಿನ ಕುಣಿತ, ಮದ್ಯದ ಬಟ್ಟಲು ಎಂದು ಎಷ್ಟೋ ಚಿತ್ರಗಳು ತೋರಿಸಿದವು. ಭಾನುವಾರದ ಪೂಜೆಗೆ ಗಾಯನವೃಂದದಲ್ಲಿ ನಿಲ್ಲುವ ನಮ್ಮ ಮನೆಯ ಹೆಣ್ಣುಮಕ್ಕಳು ಆ ಚಿತ್ರಗಳಲ್ಲಿ ಕಾಣಸಿಗಲಿಲ್ಲ. ಒಬ್ಬರಿಗೆ ತಪ್ಪು ಹಾಡನ್ನು ಕೊಟ್ಟರೆ ಅವರಿಗೆ ತಪ್ಪು ಬಾಳನ್ನೇ ಕೊಟ್ಟಂತೆ.

ಸರಿಯಾದ ಹಾಡು ಕೊಟ್ಟಾಗ ಏನಾಗುತ್ತದೆಂಬುದಕ್ಕೂ ಸಾಕ್ಷಿಗಳಿವೆ. ಚಂದ್ರಶೇಖರ ಕಂಬಾರರು ಬೆಳಗಾವಿ ಸೀಮೆಯ ತಮ್ಮ ಮಾತಿನಲ್ಲಿಯೇ ಬರೆದು ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕಾಗಿ ಕನ್ನಡಿಗರೊಬ್ಬರಿಗೆ ಆ ಮನ್ನಣೆ ದೊರೆತದ್ದು ಅದೇ ಮೊದಲು; ದೊರೆತದ್ದು ನಮ್ಮ ಕಡೆಯ ಮಾತಿನ ಹಾಡಿಗೆ! ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿದ ‘ನಾಗಮಂಡಲ’ (1997) ಚಿತ್ರಕ್ಕೆ ಗೋಪಾಲ ಯಾಜ್ಞಿಕರು ಬರೆದ ಪದಗಳಲ್ಲಿ ಗಂಡನ ಪ್ರೀತಿ ಕಾಣದ ಎಳೆಯ ಹೆಂಡತಿ ತನ್ನ ಮನಸ್ಸನ್ನು ಬಿಚ್ಚಿಡುತ್ತಾಳೆ. ಬಾಯಿಬಿಟ್ಟು ಯಾರೊಡನೆಯೂ ಹೇಳಿಕೊಳ್ಳಲಾಗದವಳು ಅವಳು. ಅವಳು ಹಾಡುವುದು ಹಲಸಂಗಿಯ ಗರತಿಯರ ಬೀಸುಕಲ್ಲಿನ ದಾಟಿಗೆ ದೂರವಲ್ಲ. ನಿಜ ಜೀವನದಲ್ಲಿ ಯಾರು ಹೀಗೆ ಹಾಡುತ್ತಾರೆ ಎಂದು ಕೇಳುವ ವಿದ್ಯಾವಂತರಿಗೆ ಅವಳನ್ನೇ ತೋರಿಸಬೇಕು.

ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ಬಂದಾಗ ಶರೀಫಜ್ಜನ ಪದಗಳು ಈ ಭಾಗಕ್ಕೆ ಹೊಸತಾಗಿರಲಿಲ್ಲ. ಭಜನಾ ಮೇಳಗಳು ಏಕತಾರಿ, ದಮ್ಮಡಿ ಹಿಡಿದು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದವು. ಸಿ. ಅಶ್ವತ್ಥರ ಕ್ಯಾಸೆಟ್ಟುಗಳೂ ಮನೆಗಳನ್ನು ತಲುಪಿದ್ದವು. ಹಾಗಿದ್ದರೂ ಚಿತ್ರವನ್ನು ನೋಡಿ ಬಂದವರು ಈ ಪದಗಳನ್ನು ಇದೇ ಮೊದಲು ಕೇಳಿದವರಂತೆ ಮಾತಾಡಿದರು. ಶ್ರೀಧರ್ ಶರೀಫರಾಗಿ, ಕಾರ್ನಾಡರು ಗುರು ಗೋವಿಂದಭಟ್ಟರಾಗಿ ಎದುರುಬದುರು ನಿಂತಾಗ ಪದದ ಹಿಂದಿನ ಮನುಷ್ಯರು ಕಂಡರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು; ಊರಿನವರ ಕುಹಕ; ಇವರಿಬ್ಬರಿಗೆ ಅದರ ಪರಿವೆಯೇ ಇಲ್ಲದಂಥ ಸಲಿಗೆ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರ ಪ್ರಶಸ್ತಿ ಆ ಚಿತ್ರಕ್ಕೆ ದೊರೆತದ್ದು ಉಚಿತವೇ ಆಗಿತ್ತು. ಭಾವೈಕ್ಯದ ಬಗ್ಗೆ ಭಾಷಣ ಮಾಡದೆ ಹಾಡಿ ತೋರಿಸಿದ ಚಿತ್ರವದು. ಸೋರುವ ಮಾಳಿಗೆಯ ಪದವನ್ನು ದೊಡ್ಡ ನಗರದ ಶ್ರೋತೃ ಕೇಳಿದಾಗ ಅದರಲ್ಲಿ ವೈರಾಗ್ಯದ ರೂಪಕವನ್ನು ಕಾಣುತ್ತಾನೆ. ಸಾಲೋಟಗಿಯಂಥ ಊರಿನ ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲದ ರಾತ್ರಿ ಹಾಸಿಗೆ ಸುತ್ತಿಟ್ಟು, ಹನಿ ಬಿದ್ದಲ್ಲೆಲ್ಲ ತಂಬಿಗೆ ಬೋಗುಣಿಗಳನ್ನು ಇಟ್ಟು ಕುಳಿತವರಿಗೆ ಮೊದಲು ಮಾಳಿಗೆಯೇ ಕಾಣುತ್ತದೆ, ರೂಪಕ ಆಮೇಲೆ ಬರುತ್ತದೆ. ಆ ಕ್ರಮವೇ ಸರಿಯಾದುದೆಂದು ನಮ್ಮ ಅಭಿಪ್ರಾಯ.

ಹಾಡಿಲ್ಲದ ಚಿತ್ರ ಕೀಳೆಂದು ನಾವು ಹೇಳುತ್ತಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹಾಡಿನ ಹಂಗಿಲ್ಲದೆಯೇ ಸ್ವರ್ಣಕಮಲ ಪಡೆಯಿತು. ಅದಕ್ಕೆ ಎರಡು ವರ್ಷ ಮೊದಲು ಆ ಗೌರವ ಪಡೆದ ‘ಚೋಮನ ದುಡಿ’ಯಲ್ಲಿ ಮಾತ್ರ ಹಾಡಿನ ಕೆಲಸವನ್ನು ದುಡಿಯೇ ಮಾಡುತ್ತದೆ. ಚೋಮ ಸಿಟ್ಟನ್ನೂ ಹಸಿವನ್ನೂ ಬಾರಿಸುತ್ತಾನೆ.

ಈಗ ನಮ್ಮನ್ನು ಕಾಡುತ್ತಿರುವ ಚಿಂತೆ ಬೇರೆ. ಇಂದು ಹಾಡು ಚಿತ್ರಕ್ಕಿಂತ ತಿಂಗಳುಗಳ ಮೊದಲೇ ಮೊಬೈಲಿಗೆ ಬರುತ್ತದೆ. ಅದರಲ್ಲಿಯೂ ಅರ್ಧ ನಿಮಿಷದ ತುಂಡು ಕುಣಿತಕ್ಕೆ ಹಿನ್ನೆಲೆಯಾಗಿ ಓಡಾಡುತ್ತದೆ. ಚಿತ್ರ ಬರುವ ಹೊತ್ತಿಗೆ ಹಾಡು ಹಳಸಿರುತ್ತದೆ; ಯಾರು, ಏಕೆ, ಯಾವ ಸಂಕಟದಲ್ಲಿ ಹಾಡಿದರೆಂದು ಕೇಳುವವರಿಲ್ಲ. ಮನೆಯಲ್ಲಿ ಹಳೆಯ ಚಿತ್ರವನ್ನು ಹಾಕಿದರೂ ಹಾಡು ಬಂದೊಡನೆ ಮಕ್ಕಳ ಬೆರಳು ತಾನಾಗಿಯೇ ಮುಂದಕ್ಕೆ ಸರಿಸುತ್ತದೆ. ತಂಬುವಿನಿಂದ ಬೀಡಿಗಾಗಿ ಎದ್ದು ಹೋಗುತ್ತಿದ್ದವನಿಗಾದರೂ ಹೊರಗೆ ನಿಂತಾಗ ಹಾಡು ಕಿವಿಗೆ ಬೀಳುತ್ತಿತ್ತು. ಮದುವೆಯ ಮೆರವಣಿಗೆಗಳಲ್ಲಿ ಎದೆ ನಡುಗಿಸುವ ಡೀಜೆಗೆ ‘ಉತ್ತರ ಕರ್ನಾಟಕದ ಹಾಡು’ ಎಂದು ಕರೆದು ಹಾಕುವ ಎಷ್ಟೋ ಪದಗಳು ನಮ್ಮ ಹೆಣ್ಣುಮಕ್ಕಳನ್ನು ಹೀಯಾಳಿಸುವುದಕ್ಕೇ ಬರೆದಂತಿವೆ. ಪೈಲ್ವಾನನ ನಗೆಪಾಟಲಿಗೆ ನಮ್ಮ ಮಾತನ್ನು ಬಳಸಿದವರು ಹೊರಗಿನವರು ಎಂದು ದೂರುತ್ತಿದ್ದೆವು. ಇವುಗಳನ್ನು ಬರೆಯುತ್ತಿರುವವರು ನಮ್ಮವರೇ. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಶೃಂಗಾರವನ್ನೂ ಹಾಡಿದರು, ಆದರೆ ಮನೆಮಂದಿಯೆಲ್ಲ ಕುಳಿತ ಅಂಗಳದಲ್ಲಿ ನಿಂತು ಹಾಡಿದರು. ಮಡಿವಂತಿಕೆಯ ಮಾತೆಂದು ಯಾರಾದರೂ ನಮ್ಮನ್ನು ಜರೆದರೆ ಜರೆಯಲಿ.

ಆದ್ದರಿಂದ ಒಂದು ಸಣ್ಣ ಸಲಹೆಯನ್ನು ಶಾಲೆಗಳ, ಯುವಕ ಸಂಘಗಳ, ಧರ್ಮಕೇಂದ್ರಗಳ ಮುಂದಿಡುತ್ತೇವೆ. ವರ್ಷಕ್ಕೆ ನಾಲ್ಕು ಸಂಜೆ ಸಾಕು. ಒಂದು ಸಂಜೆ ‘ಕಿಸ್ಮತ್’, ಒಂದು ಸಂಜೆ ಶರೀಫರ ಚಿತ್ರ, ಒಂದು ಸಂಜೆ ಗವಾಯಿಗಳದು, ಇನ್ನೊಂದನ್ನು ಮಕ್ಕಳೇ ಆರಿಸಿಕೊಳ್ಳಲಿ. ಪ್ರೊಜೆಕ್ಟರ್ ಈಗ ಬಹಳಷ್ಟು ಶಾಲೆಗಳಲ್ಲಿ ಇದೆ. ಸುಣ್ಣ ಬಳಿದ ಗೋಡೆ ಎಲ್ಲೆಡೆಯೂ ಸಿಗುತ್ತದೆ. ‘ಕಿಸ್ಮತ್’ ತೋರಿಸುವ ಮುನ್ನ ಹತ್ತು ನಿಮಿಷ ಬೀಳಗಿಯ ಅಮೀರಬಾಯಿಯವರ ಬಗ್ಗೆ ಯಾರಾದರೂ ಶಿಕ್ಷಕರು ಮಾತಾಡಲಿ. ಹಿಂದಿ ತಿಳಿಯದ ಅಜ್ಜ ಅಜ್ಜಿಯರನ್ನೂ ಕರೆಯಿರಿ, ಹಾಡು ಅವರಿಗೆ ತಿಳಿಯುತ್ತದೆ. ಚಿತ್ರವನ್ನು ಓಡಿಸಲು ಕುಳಿತ ತರುಣನಿಗೆ ಮಾತ್ರ ಮೊದಲೇ ಹೇಳಿಡಬೇಕು: ಹೊತ್ತಾಯಿತೆಂದು ಏನನ್ನಾದರೂ ಮುಂದಕ್ಕೆ ಓಡಿಸಲೇಬೇಕಾಗಿ ಬಂದರೆ ಹೊಡೆದಾಟವನ್ನು ಓಡಿಸಲಿ.